ಕೋಳಿಗೆ ಜ್ವರ ನೋಡಿದ ವರ್ಷ

ಇವರ ಕಾಲು ಮೊದಲು ಕೈಕೊಟ್ಟದ್ದು ಬಸ್ಸಿನ ಫುಟ್‌ಬೋರ್ಡಿನಲ್ಲಿ.

ಇವರು ಅಂದರೆ ನನ್ನ ಗಂಡ ಶೇಖರ. ಬೈಂದೂರು–ಕುಂದಾಪುರ ಲೈನಿನ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು, ಅದು ಹೊರಟ ಮೇಲೆ ಓಡಿ ಹತ್ತುವ ಜಾತಿ. ಮದುವೆಯಾದ ಹೊಸತರಲ್ಲಿ ನಾನು ಹೆದರಿ ಬೈಯುತ್ತಿದ್ದೆ. ಆಮೇಲೆ ನನಗೆ ಬೈಯುವುದೂ ಅವರಿಗೆ ಕೇಳಿಸಿಕೊಳ್ಳದೇ ಇರುವುದೂ ಅಭ್ಯಾಸವಾಗಿ ಹೋಯಿತು. ಆ ಬೆಳಿಗ್ಗೆ ಬೈಂದೂರು ಸ್ಟ್ಯಾಂಡಿನಲ್ಲಿ ‘ರೈಟ್’ ಅಂದು ಕಾಲೆತ್ತಿದರೆ ಕಾಲು ಮೇಲೆ ಬರಲಿಲ್ಲವಂತೆ. ಕಂಬಿ ಹಿಡಿದ ಕೈ ಬಸ್ಸಿನ ಜೊತೆ ಹೊರಟಿತು, ಕಾಲು ರಸ್ತೆಯಲ್ಲೇ ಉಳಿಯಿತು. ಬಾಗಿಲ ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಅಂಗಿಯ ಕಾಲರ್ ಹಿಡಿದು ಒಳಗೆಳೆದರು.

ಸಂಜೆ ಮನೆಗೆ ಬಂದು ಇದನ್ನೇ ದೊಡ್ಡ ತಮಾಷೆಯ ಹಾಗೆ ಹೇಳಿದರು.

“ಪಾದಕ್ಕೆ ಇರುವೆ ಹರ್ದಾಂಗ್ ಆತ್ತ್ ಮಾರಾಯ್ತಿ. ನೆಲ ಮೆಟ್ಟಿದ್ದೇ ಗೊತ್ತಾತಿಲ್ಲ.”

“ಆ ಚಪ್ಪಲಿ ಬಿಸಾಕಿ, ಬೇರೆ ತಕಣಿ,” ಅಂದೆ.

ನಾನು ಟೈಲರ್. ಯಾರಿಗೆ ಏನೇ ಆದರೂ ಅವರು ತೊಟ್ಟದ್ದರಲ್ಲಿ ತಪ್ಪು ಹುಡುಕುವುದು ನನ್ನ ಬುದ್ಧಿ.

ಮರುದಿನ ಬೆಳಿಗ್ಗೆ ಕಕ್ಕಸಿನೊಳಗಿಂದ ಕೂಗು ಬಂತು.

“ಹ್ವಾಯ್! ನಂಗೆ ಏಳುಕೆ ಆತಿಲ್ಲ!”

ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ನಾನೂ ಮಗಳು ದಿವ್ಯಾಳೂ ಸೇರಿ ಎತ್ತಿ ನಿಲ್ಲಿಸಿದೆವು. ದಿವ್ಯಾ ಕುಂದಾಪುರದಲ್ಲಿ ಬಿಕಾಂ ಓದುತ್ತಾಳೆ. ಅಪ್ಪನನ್ನು ಆ ಸ್ಥಿತಿಯಲ್ಲಿ ಎತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಇವರು ನಾಚಿಕೆಯಿಂದ ನಗುತ್ತಿದ್ದರು, ನಾನು ಮಾತ್ರ ನಗಲೂ ಆಗದೆ ಅಳಲೂ ಆಗದೆ ಪಂಚೆ ಸುತ್ತುತ್ತಿದ್ದೆ. ಕೈಯಲ್ಲಿ ಹಿಡಿದಿದ್ದ ದೇಹದಲ್ಲಿ ಏನೋ ಸಡಿಲವಾಗಿದೆ ಎಂದು ಆಗಲೇ ಗೊತ್ತಾಯಿತು. ಬಟ್ಟೆ ಹಿಡಿದು ಹಿಡಿದು ನನ್ನ ಬೆರಳಿಗೆ ಅಷ್ಟು ತಿಳಿಯುತ್ತದೆ.

ಊರಿನ ಡಾಕ್ಟರು ನಮಗೆ ಹಳಬರು. ಮಂಚದ ಅಂಚಿನಲ್ಲಿ ಕೂರಿಸಿ ಮೊಣಕಾಲಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಂದು ಕಾಲಿಗೆ ತಟ್ಟಿದರು. ಅದೂ ಅಷ್ಟೆ. ಅದುವರೆಗೆ ಬಸ್ಸಿನ ಸಮಯ ಕೇಳುತ್ತ ಹರಟುತ್ತಿದ್ದವರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು.

“ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಮನೆಗೆ ಹೋಗಿ ಊಟ ಮಾಡಿಕೊಂಡು ಅಲ್ಲ. ಈಗಲೇ.”

ಉಡುಪಿ ಕಡೆಗೆ ಓಮ್ನಿ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಇವರು, ಕಿಟಕಿಯಲ್ಲಿ ಕಾಣುವ ತೆಂಗಿನ ಮರದ ತುದಿ, ಬೋರ್ಡಿನ ತುದಿ ನೋಡಿಯೇ ಎಲ್ಲಿದ್ದೇವೆ ಎಂದು ಹೇಳುತ್ತಿದ್ದರು. ಹೆಮ್ಮಾಡಿ ದಾಟುವಾಗ, “ಒಂದ್ ಸ್ಟಾಪಲ್ಲೂ ನಿಲ್ಸುದಿಲ್ಯಾ? ಪ್ಯಾಸೆಂಜರ್ ಬೈತ್ರ್ ಮಾರಾಯಾ,” ಎಂದು ಡ್ರೈವರಿಗೆ ಹೇಳಿದರು. ಅವನು ನಕ್ಕ. ನಾನು ನಗಲಿಲ್ಲ.

ಆಸ್ಪತ್ರೆಯಲ್ಲಿ ನರಗಳಿಗೆ ಕರೆಂಟ್ ಕೊಟ್ಟು ನೋಡುವ ಟೆಸ್ಟ್ ಆಯಿತು. ಬೆನ್ನುಹುರಿಯ ನೀರು ತೆಗೆದರು. ನ್ಯೂರಾಲಜಿ ಡಾಕ್ಟರು ಒಬ್ಬರು ಹೆಂಗಸು, ದಿವ್ಯಾಳ ಅಕ್ಕನಂತೆ ಕಾಣುವಷ್ಟು ಎಳೆಯರು. ಕುರ್ಚಿ ಎಳೆದುಕೊಂಡು ನಮ್ಮ ಎದುರು ಕೂತು ಹೇಳಿದರು.

“ಇದಕ್ಕೆ ಗಿಲನ್ ಬಾರೆ ಸಿಂಡ್ರೋಮ್ ಅಂತಾರೆ. ಜಿಬಿಎಸ್. ರೋಗದ ಜೊತೆ ಹೋರಾಡಬೇಕಾದ ನಿಮ್ಮದೇ ದೇಹದ ಶಕ್ತಿ ದಾರಿ ತಪ್ಪಿ ನಿಮ್ಮ ನರಗಳ ಮೇಲೇ ತಿರುಗಿ ಬಿದ್ದಿದೆ. ಹೆಚ್ಚಿನವರು ಗುಣವಾಗ್ತಾರೆ. ಸಮಯ ಬೇಕು.”

“ಅಂದ್ರೆ ನಮ್ಮವ್ರೇ ನಮ್ಗೆ ಹೊಡ್ದದ್ದ್, ಅಲ್ದಾ ಡಾಕ್ಟ್ರೇ?” ಅಂದರು ಇವರು. ದಾಯಾದಿ ಜಗಳ ನೋಡಿ ಬೆಳೆದವರಿಗೆ ಜಿಬಿಎಸ್ ಅರ್ಥವಾಗಲು ಅಷ್ಟು ಸಾಕು.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಈ ಸೋಲು ಪಾದದಿಂದ ಮೇಲೆ ಹತ್ತುತ್ತದೆ. ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಎದೆಯ ತನಕ ಬಂದರೆ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ.

ಆಗ ವೆಂಟಿಲೇಟರ್.

ಉಸಿರಿನ ಮೇಲೆ ಕಣ್ಣಿಡುವುದಕ್ಕೆ ಡಾಕ್ಟರ ಹತ್ತಿರ ಇದ್ದ ಉಪಾಯ ಕೇಳಿ ನನಗೆ ಆಶ್ಚರ್ಯವಾಯಿತು. ಅಷ್ಟೆಲ್ಲ ಮಿಷನ್ನುಗಳ ನಡುವೆ ಒಂದು ಮಕ್ಕಳಾಟದಂಥ ಪರೀಕ್ಷೆ. ಉದ್ದಕ್ಕೆ ಉಸಿರೆಳೆದುಕೊಂಡು, ಆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಷ್ಟು ಸಾಧ್ಯವೋ ಅಷ್ಟು ಎಣಿಸಬೇಕು. ಎಣಿಕೆ ಕಡಿಮೆಯಾದರೆ ಉಸಿರಿನ ಬಲ ಕಡಿಮೆಯಾಗಿದೆ ಎಂದು ಲೆಕ್ಕ. ನರ್ಸ್ ಬಂದಾಗಲೆಲ್ಲ ಎಣಿಸಬೇಕು. ಇವರು ಒಂದೆರಡು ಸಲ ಎಣಿಸಿದರು. ಆಮೇಲೆ ಬೇಸರ ಬಂತು.

“ಸಿಸ್ಟರ್, ನಾನ್ ಬಸ್ ಸ್ಟಾಪಿನ್ ಹೆಸ್ರ್ ಹೇಳ್ತೆ. ನಂಗೆ ಅದೇ ಸಲೀಸು.”

ಹೇಳಿಯೂ ಬಿಟ್ಟರು. ಬೈಂದೂರು ಉಪ್ಪುಂದ ನಾಗೂರು ಕಿರಿಮಂಜೇಶ್ವರ ಮರವಂತೆ ತ್ರಾಸಿ ಮುಳ್ಳಿಕಟ್ಟೆ ಹೆಮ್ಮಾಡಿ ತಲ್ಲೂರು ಕುಂದಾಪುರ. ಸ್ಟ್ಯಾಂಡಿನಲ್ಲಿ ನಿಂತು ಕೂಗುವ ಅದೇ ರಾಗದಲ್ಲಿ, ಮತ್ತೆ ಅಲ್ಲಿಂದ ಮುಂದೆ ಕೋಟೇಶ್ವರ ಕುಂಭಾಶಿ ತೆಕ್ಕಟ್ಟೆ ಕೋಟದ ತನಕ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನರ್ಸ್ ಮಂಗಳೂರು ಕಡೆಯವರು, ಬೈಂದೂರು ಅವರಿಗೆ ರೈಲಿನಲ್ಲಿ ಮಾತ್ರ ಗೊತ್ತು. ಡಾಕ್ಟರು ಕೇಳಿ ನಕ್ಕು, ಅಡ್ಡಿಯಿಲ್ಲ, ಒಂದೇ ವೇಗದಲ್ಲಿ ಹೇಳಿ, ಆಗಾಗ ಅಂಕಿಯನ್ನೂ ಎಣಿಸಿ ಅಂದರು. ಅಂದಿನಿಂದ ಕೇಸ್ ಶೀಟಿನಲ್ಲಿ ಅಂಕಿ ಇರುತ್ತಿತ್ತು, ನಮ್ಮ ಬಾಯಲ್ಲಿ ಊರು.

ಮೊದಲ ದಿನ ಕೋಟ. ಮರುದಿನ ಕುಂದಾಪುರಕ್ಕೆ ಬಂದು ನಿಂತಿತು. ಅದರ ಮರುದಿನ ಹೆಮ್ಮಾಡಿ. ಬಸ್ಸು ಹಿಂದಕ್ಕೆ ಬರುತ್ತಿತ್ತು. ಕೈ ಎತ್ತಿ ನೀರಿನ ಲೋಟ ಹಿಡಿಯಲೂ ಆಗದಂತಾಯಿತು. ಐಸಿಯುಗೆ ಹಾಕಿದರು. ಐವಿಐಜಿ ಎನ್ನುವ ಔಷಧಿ ಬಾಟಲಿಯಿಂದ ಹನಿ ಹನಿಯಾಗಿ ಇಳಿಯುತ್ತಿತ್ತು. ನನ್ನನ್ನು ಒಳಗೆ ಬಿಟ್ಟಾಗ ನಾನು ಬೇರೇನೂ ಕೇಳುತ್ತಿರಲಿಲ್ಲ.

“ಎಲ್ಲಿ ತನ್ಕ?”

ಒಂದು ಬೆಳಿಗ್ಗೆ ಅವರು ಉಸಿರೆಳೆದು ಶುರು ಮಾಡಿದರು. ರಾಗ ಇರಲಿಲ್ಲ, ಬರೀ ಹೆಸರು. ಬೈಂದೂರು. ಉಪ್ಪುಂದ. ನಾಗೂರು. ಕಿರಿಮಂಜೇಶ್ವರ. ಬಾಯಿ ತೆರೆದೇ ಇತ್ತು.

ಮರವಂತೆ ಬರಲಿಲ್ಲ.

“ಇನ್ನು ಸ್ವಲ್ಪ ಇಳಿದರೆ ಗಂಟಲಿಗೆ ಟ್ಯೂಬ್ ಹಾಕಬೇಕಾಗುತ್ತದೆ,” ಅಂದರು ಡಾಕ್ಟರು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಎಷ್ಟು ದೇವರ ಹೆಸರು ಗೊತ್ತಿದ್ದರೂ ಆಗ ಒಂದೂ ನೆನಪಾಗಲಿಲ್ಲ. ನಾನು ಬೇಡಿಕೊಂಡದ್ದು ಬಸ್ಸನ್ನು. ಇಲ್ಲೇ ನಿಲ್ಲು, ನಾಗೂರಿಗೆ ವಾಪಸ್ ಹೋಗಬೇಡ, ನಿನ್ನ ದಮ್ಮಯ್ಯ.

ಸಂಜೆಯೂ ಕಿರಿಮಂಜೇಶ್ವರ. ಮರುದಿನವೂ ಕಿರಿಮಂಜೇಶ್ವರ. ಅಷ್ಟು ಸಣ್ಣ ಸ್ಟಾಪಿನಲ್ಲಿ ಯಾವ ಬಸ್ಸೂ ಅಷ್ಟು ಹೊತ್ತು ನಿಂತದ್ದಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಕಾಯುತ್ತಿದ್ದಾಗ ನರ್ಸ್ ಓಡಿಕೊಂಡು ಬಂದರು.

“ಅಕ್ಕಾ, ಮರವಂತೆ!”

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಊರೂರಿನಿಂದ ಜನ ಬಂದು ಫೋಟೋ ಹೊಡೆದುಕೊಳ್ಳುತ್ತಾರೆ. ನಾನು ಕಿಟಕಿ ಪಕ್ಕ ಕೂತು ತೂಕಡಿಸುತ್ತಲೇ ಅದನ್ನು ದಾಟಿದವಳು. ಮರವಂತೆ ಎಷ್ಟು ಚಂದ ಎಂದು ನನಗೆ ಗೊತ್ತಾದದ್ದು ಐಸಿಯು ಬಾಗಿಲಲ್ಲಿ.

ಇಷ್ಟಕ್ಕೆಲ್ಲ ಕಾರಣ ಏನು ಎಂಬುದನ್ನು ಇನ್ನೂ ಹೇಳಿಲ್ಲ. ಅದು ಗೊತ್ತಾದದ್ದು ಆಸ್ಪತ್ರೆಗೆ ಸೇರಿದ ಮೊದಲ ದಿನವೇ. ಡಾಕ್ಟರು ಹಿಂದಿನ ವಾರಗಳಲ್ಲಿ ಜ್ವರ, ಭೇದಿ ಏನಾದರೂ ಆಗಿತ್ತೇ ಎಂದು ಕೇಳಿದರು. ಆಗಿತ್ತು. ಹೊಟ್ಟೆನೋವು, ಜ್ವರ, ಭೇದಿ ಎಲ್ಲ ಸೇರಿ ಇವರು ಮನೆಯಲ್ಲೇ ಬಿದ್ದಿದ್ದರು. ಬಸ್‌ಸ್ಟ್ಯಾಂಡಿನ ಗೋಳಿಬಜೆ ತಿಂದದ್ದೇ ಕಾರಣ ಎಂದು ನಾವು ಆಗಲೇ ತೀರ್ಪು ಕೊಟ್ಟು ಮುಗಿಸಿದ್ದೆವು.

“ಸರಿಯಾಗಿ ಬೇಯದ ಕೋಳಿ ಏನಾದರೂ ತಿಂದಿದ್ದಿರಾ?”

ಇವರಿಗೆ ಸಿಟ್ಟೇ ಬಂತು. “ನಮ್ ಮನೆ ಕೋಳಿ ಸಾರ್ ಬೇಯ್ದೇ ಇಪ್ಪುದಾ? ಕೊತಕೊತ ಕುದ್ದೇ ಇಳ್ಸುದ್ ಡಾಕ್ಟ್ರೇ!”

ಕುಂದಾಪ್ರದವರ ಹತ್ತಿರ ಕೋಳಿ ಸಾರಿನ ಬಗ್ಗೆ ಹಾಗೆ ಕೇಳಬಾರದು ಎಂದು ಡಾಕ್ಟರಿಗೆ ಪಾಪ ಹೇಗೆ ಗೊತ್ತು. ಆದರೆ ನನಗೆ ಒಂದು ನೆನಪಾಯಿತು.

“ಲಿವರ್,” ಅಂದೆ.

ಇವರು ಮುಖ ಆಚೆ ತಿರುಗಿಸಿದರು.

ನನ್ನ ಗಂಡನ ಮನೆ ಇರುವುದು ಕೆರಾಡಿಯಲ್ಲಿ. ಕಾಡಿನ ಅಂಚು. ಅತ್ತೆ ಮತ್ತು ದೊಡ್ಡ ಭಾವನ ಸಂಸಾರ ಅಲ್ಲೇ ಇದೆ. ದೀಪಾವಳಿಯ ಗಲಾಟೆ ಮುಗಿದ ಮೇಲೆ ಒಂದು ದಿನ ಎಲ್ಲರೂ ಅಲ್ಲಿ ಸೇರಿ ಅತ್ತೆ ಸಾಕಿದ ಊರು ಕೋಳಿಯ ಊಟ ಮಾಡುವುದು ರೂಢಿ. ಆ ದಿನ ಹಸಿ ಮಾಂಸ ಒಳಗಿನ ಅಡುಗೆಮನೆಗೆ ಬರುವ ಹಾಗಿಲ್ಲ. ಹಿತ್ತಲಿನ ತೆಂಗಿನ ಬುಡದಲ್ಲಿ ಕಲ್ಲು ಹೂಡಿ ಒಲೆ. ಕೊಯ್ಯುವುದು, ಸುಡುವುದು, ಬೇಯಿಸುವುದು ಎಲ್ಲ ಗಂಡಸರು. ಒಳಗೆ ಹೆಂಗಸರು ಮಸಾಲೆ ಅರೆದು, ಕಡುಬು ಬೇಯಿಸಿ ಕೊಡಬೇಕು ಅಷ್ಟೆ. ಮನೆಯಲ್ಲಿ ಒಂದು ಲೋಟ ನೀರನ್ನೂ ತಾವಾಗಿ ಬಗ್ಗಿಸಿಕೊಳ್ಳದ ನನ್ನ ಗಂಡ ಆ ಒಲೆಯ ಮುಂದೆ ಮಹಾರಾಜ. ಪುಕ್ಕ ಕಿತ್ತು, ಅರಿಶಿನ ಸವರಿ, ಒಣಗಿದ ತೆಂಗಿನ ಗರಿಯ ಬೆಂಕಿಯಲ್ಲಿ ಇಡೀ ಕೋಳಿಯನ್ನು ತಿರುಗಿಸಿ ತಿರುಗಿಸಿ ಸುಡುತ್ತಾರೆ. ರೋಮ ಹೋಗಿ, ಚರ್ಮ ಹೊಂಬಣ್ಣಕ್ಕೆ ಬರಬೇಕು, ಒಡೆಯಬಾರದು. ಅದರಲ್ಲಿ ಇವರನ್ನು ಮೀರಿಸಿದವರಿಲ್ಲ.

ಹಾಗೆ ಕೋಳಿ ಸುಟ್ಟವನಿಗೆ ಆ ಮನೆಯಲ್ಲಿ ಒಂದು ಹಕ್ಕಿದೆ. ಕೋಳಿಯ ಲಿವರ್ ಅವನದು. ಅತ್ತೆ ಅದನ್ನು ಬಾಳೆಲೆಯ ಚೂರಿನಲ್ಲಿಟ್ಟು, ಉಪ್ಪು ಉದುರಿಸಿ ತಂದುಕೊಡುತ್ತಾರೆ. ಅವನು ಅದನ್ನು ಕಡ್ಡಿಗೆ ಚುಚ್ಚಿ ಕೆಂಡಕ್ಕೆ ಒಂದು ಸಲ ಹೀಗೆ, ಒಂದು ಸಲ ಹಾಗೆ ತೋರಿಸಿ ಬಾಯಿಗೆ ಹಾಕಿಕೊಳ್ಳಬೇಕು. ಹೊರಗೆ ಕಪ್ಪು, ಒಳಗೆ ಕೆಂಪು. ಹಾಗಿದ್ದರೇ ರುಚಿಯಂತೆ. “ರಕ್ತ ಆತ್ತ್ ಮಗಾ, ತಿನ್ನ್,” ಎಂದು ಅತ್ತೆ ಎದುರು ನಿಂತು ತಿನ್ನಿಸುತ್ತಾರೆ. ಮಾವನೂ ಹಾಗೇ ತಿಂದವರು. ಕೈ ಒರೆಸಿಕೊಳ್ಳಲು ಅದೇ ಬಾಳೆಲೆ. ಸೋಪು ಇರುವುದು ಬಚ್ಚಲಲ್ಲಿ, ಬಚ್ಚಲು ಇರುವುದು ಅಂಗಳದ ಆಚೆ. ಇವರಿಗೆ ಭೇದಿ ಹಿಡಿದದ್ದು ಆ ಊಟ ಮುಗಿದು ಎರಡು ಮೂರು ದಿನಕ್ಕೆ.

ಡಾಕ್ಟರು ಎಲ್ಲ ಕೇಳಿದರು. ಬರೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

“ಕೋಳಿಯ ಕರುಳಲ್ಲಿ, ಲಿವರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎನ್ನುವ ಬ್ಯಾಕ್ಟೀರಿಯಾ ಇರುವುದುಂಟು. ಕೋಳಿಗೆ ಏನೂ ಆಗುವುದಿಲ್ಲ. ನಮಗೆ ಭೇದಿ. ಕೆಲವೇ ಕೆಲವರಿಗೆ ಭೇದಿ ನಿಂತ ಮೇಲೆ ಹೀಗೆ. ನಿಮ್ಮದರಲ್ಲಿ ಅದೇ ಎಂದು ನಾನು ಆಣೆ ಮಾಡಿ ಹೇಳಲಾರೆ, ಆದರೆ ಬಲವಾದ ಅನುಮಾನ ಅದರ ಮೇಲೇ. ಸಾರು ಚೆನ್ನಾಗಿ ಕುದಿದಿತ್ತು. ಅದಕ್ಕೇ ಮನೆಯ ಉಳಿದವರೆಲ್ಲ ಆರಾಮಾಗಿದ್ದಾರೆ. ಸುಡುವುದು ಬೇರೆ, ಬೇಯಿಸುವುದು ಬೇರೆ.”

ಒಂದೇ ಕೋಳಿ. ಪಾತ್ರೆಗೆ ಹೋದದ್ದು ಮನೆಮಂದಿಯನ್ನೆಲ್ಲ ತಣಿಸಿತು. ಕೆಂಡದ ಮೇಲೆ ಸುಳಿದಾಡಿ ಬಂದ ಒಂದು ಬೆರಳಿನಷ್ಟು ಚೂರು ನನ್ನ ಗಂಡನನ್ನು ನೆಲಕ್ಕೆ ಕೆಡವಿತು.

ಈ ಸುದ್ದಿ ಅತ್ತೆಗೆ ಹೇಳಬಾರದು ಎಂದು ನಾವು ತೀರ್ಮಾನಿಸಿದ್ದೆವು. ಆದರೆ ಇವರು ವಾರ್ಡಿಗೆ ವಾಪಸ್ಸಾದ ದಿನ ಅವರನ್ನು ನೋಡಲು ಬಂದ ಅತ್ತೆ, ನರ್ಸಿನ ಹತ್ತಿರವೇ ಎಲ್ಲವನ್ನೂ ಕೇಳಿ ತಿಳಿದುಕೊಂಡುಬಿಟ್ಟಿದ್ದರು. ಮಂಚದ ಪಕ್ಕ ನಿಂತು ಮಗನ ಪಾದ ಹಿಡಿದುಕೊಂಡರು. ಪಾದಕ್ಕೆ ಅದು ಸರಿಯಾಗಿ ತಿಳಿಯಲೂ ಇಲ್ಲ.

“ನಾನೇ ಕೊಟ್ಟದ್ದ್ ಅಲ್ದಾ ಮಗಾ. ಎದ್ರ್ ನಿಂತ್ ತಿನ್ಸಿದೆ.”

“ಅಮ್ಮ, ನೀ ಕೊಟ್ಟದ್ದ್ ಸಮಾ ಇತ್ತ್. ನಾ ಸುಟ್ಟದ್ದ್ ಸಮಾ ಆಯ್ಲಿಲ್ಲ,” ಅಂದರು ಇವರು.

ಅತ್ತೆ ನಗಲಿಲ್ಲ. ಮಗ ಬಸ್ಸು ಹತ್ತುವ ತನಕ ತಾನು ಕೋಳಿ ಮುಟ್ಟುವುದಿಲ್ಲ ಎಂದರು. ಊರಿನಲ್ಲೇ ಕೋಳಿ ತಿನ್ನುವುದರಲ್ಲಿ ಹೆಸರು ಮಾಡಿದ ಹೆಂಗಸು ನನ್ನ ಅತ್ತೆ.

ಮನೆಗೆ ಬರುವಾಗ ಇವರ ಬಸ್ಸು ಕೋಟವನ್ನೂ ಬಿಟ್ಟು ಮುಂದೆ ಬ್ರಹ್ಮಾವರ ದಾಟಿತ್ತು, ಅಂದರೆ ಉಸಿರು. ಕಾಲಿನ ಮಾತು ಬೇರೆ. ಹೋಗುವಾಗ ಕಂಬದ ಹಾಗಿದ್ದ ಕಾಲುಗಳು ಕೋಲಿನ ಹಾಗಾಗಿದ್ದವು. ದಿನಾ ಫಿಸಿಯೋಥೆರಪಿ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ನನ್ನ ಹೊಲಿಗೆ ಮಿಷನ್ನಿಗೆ, ಮಿಷನ್ ಹಿಡಿದು ಬಾಗಿಲಿಗೆ. ನನ್ನ ಗಿರಾಕಿಗಳು ಬಂದರೆ ಅವರಿಗೂ ಟಿಕೆಟ್ ಕೊಡುವ ಹಾಗೆ, “ಮುಂದೆ ಹೋಯ್ನಿ, ಮುಂದೆ ಹೋಯ್ನಿ, ಜಾಗ ಇತ್ತ್,” ಎನ್ನುತ್ತಿದ್ದರು. ಬ್ಲೌಸ್ ಹೊಲಿಸಲು ಬಂದವರು ಇವರ ಕಥೆ ಕೇಳಿ, ಲೈನಿಂಗ್ ಬಟ್ಟೆ ಮರೆತು ಹೋಗುತ್ತಿದ್ದರು.

ಅವರ ಖಾಕಿ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎರಡೂ ಬದಿ ಹಿಡಿದು ಸಣ್ಣ ಮಾಡಿಕೊಟ್ಟೆ. ಸಾಮಾನ್ಯವಾಗಿ ಅಷ್ಟು ಹಿಡಿದರೆ ಒಳಗಿನ ಹೆಚ್ಚುವರಿ ಬಟ್ಟೆ ಕತ್ತರಿಸಿ ತೆಗೆಯುತ್ತೇನೆ, ಇಲ್ಲವಾದರೆ ದಪ್ಪಗೆ ಒತ್ತುತ್ತದೆ. ಕತ್ತರಿ ಕೈಗೆ ತೆಗೆದುಕೊಂಡೆ. ಕತ್ತರಿಸಲಿಲ್ಲ. ಒಳಗೇ ಮಡಚಿ ಹೊಲಿದೆ. ಮತ್ತೆ ಬಿಚ್ಚಬೇಕಲ್ಲ.

ಇನ್ನು ನನ್ನ ಅಡುಗೆಮನೆ. ಡಾಕ್ಟರು ಕೋಳಿ ಬಿಡಿ ಎಂದು ಹೇಳಿರಲಿಲ್ಲ, ಬೇಯಿಸಿ ಎಂದಿದ್ದರು. ಅಷ್ಟನ್ನು ನಾನು ಕಾನೂನು ಮಾಡಿದೆ. ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚೂರಿ. ಹಸಿ ಕೋಳಿ ಇಟ್ಟ ತಟ್ಟೆಗೆ ಬೆಂದ ಕೋಳಿ ಬಂದರೆ ನನ್ನ ಸ್ವರ ಪಕ್ಕದ ಮನೆಗೆ ಕೇಳುತ್ತಿತ್ತು. ಮಾಂಸ ಮುಟ್ಟಿದ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟುವ ಹಾಗಿಲ್ಲ, ಉಪ್ಪು ಮೊದಲೇ ಬಟ್ಟಲಿಗೆ ತೆಗೆದಿಡಬೇಕು. ಉಳಿದ ಸಾರು ಆರಿದ ಕೂಡಲೇ ಫ್ರಿಜ್ಜಿಗೆ. ಮರುದಿನ ದೋಸೆಗೆ ಹಳೇ ಕೋಳಿ ಸಾರು ಬೇಡ ಎಂದರೆ ನಮ್ಮವರು ಊರು ಬಿಟ್ಟಾರು, ಆದ್ದರಿಂದ ಅದು ಇರಲಿ, ಆದರೆ ಮತ್ತೊಮ್ಮೆ ಗುಳ್ಳೆಯೆದ್ದು ಕುದಿಯಬೇಕು. ಉಗುರುಬೆಚ್ಚಗೆ ಮಾಡಿ ತಂದರೆ ವಾಪಸ್.

ಇದೆಲ್ಲ ಸಲೀಸು. ತೊಳೆಯುವ ವಿಷಯಕ್ಕೆ ಮಾತ್ರ ಮನೆಯಲ್ಲಿ ಮಹಾಯುದ್ಧವಾಯಿತು. ನಲ್ಲಿಯ ಕೆಳಗೆ ಕೋಳಿ ಹಿಡಿದು ರಭಸದಿಂದ ತೊಳೆದರೆ ಆ ನೀರು ಸುತ್ತ ಸಿಡಿದು, ಪಕ್ಕದ ಕೊತ್ತಂಬರಿ ಸೊಪ್ಪಿಗೂ ಬೀಳುತ್ತದೆ, ತೊಳೆಯದೇ ಇರುವುದೇ ಒಳ್ಳೆಯದು ಎಂದಿದ್ದರು ಡಾಕ್ಟರು. ನಮ್ಮಲ್ಲಿಗೆ ಬಂದು ಉಳಿದಿದ್ದ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

“ತೊಳಿದೇ ಕೋಳಿ ಮಾಡುದಾ? ಯಾರಾರೂ ಕೇಂಡ್ರೆ ಎಂತ ಹೇಳುದ್?”

ಕೊನೆಗೆ ರಾಜಿಯಾಯಿತು. ಹಿತ್ತಲಲ್ಲಿ, ಆಳದ ಪಾತ್ರೆಯಲ್ಲಿ ನೀರು ತುಂಬಿ, ಕೋಳಿಯನ್ನು ಅದರಲ್ಲಿ ಮೆಲ್ಲಗೆ ಮುಳುಗಿಸಿ ತೆಗೆಯುವುದು. ಆಮೇಲೆ ಪಾತ್ರೆ, ಕಲ್ಲು, ಕೈ ಮೂರನ್ನೂ ಸೋಪಿನಲ್ಲಿ ತಿಕ್ಕುವುದು. ಡಾಕ್ಟರು ಪೂರ್ತಿ ಒಪ್ಪಲಿಕ್ಕಿಲ್ಲ, ಅತ್ತೆಯೂ ಪೂರ್ತಿ ಒಪ್ಪಲಿಲ್ಲ.

ಆಮೇಲೆ ದಿವ್ಯಾ ಆನ್‌ಲೈನಿನಲ್ಲಿ ಒಂದು ಸಾಮಾನು ತರಿಸಿದಳು. ಉದ್ದ ಮೊನೆಯ ಥರ್ಮಾಮೀಟರ್. ಬೇಯುತ್ತಿರುವ ಮಾಂಸದ ದಪ್ಪ ತುಂಡಿಗೆ ಎಲುಬು ತಾಗದ ಹಾಗೆ ಚುಚ್ಚಬೇಕು. ಎಪ್ಪತ್ತನಾಲ್ಕು ಡಿಗ್ರಿ ದಾಟಿದರೆ ಬೆಂದಿದೆ ಎಂದು ಅರ್ಥ. ಅವಳು ಕುಕ್ಕರಿನ ಮುಚ್ಚಳ ತೆಗೆದು ಚುಚ್ಚಿ ಹಿಡಿದದ್ದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಹತ್ತಿರ ಬಂದು ಬಗ್ಗಿ ನೋಡಿದರು.

“ಎಂತ ಅದ್?”

“ಥರ್ಮಾಮೀಟರ್ ಅಜ್ಜಿ.”

“ಸತ್ತ್ ಕೋಳಿಗೆ ಜ್ವರ ಕಾಂಬುದಾ!”

ಇವರು ಕುರ್ಚಿಯಲ್ಲಿ ಕೂತಲ್ಲೇ ನಕ್ಕರು. ಕೆಮ್ಮು ಬರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಾಯಿಲೆ ಬಂದ ಮೇಲೆ ಅವರ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ. ಅಷ್ಟು ನಗಬೇಕಾದರೆ ಎದೆಯಲ್ಲಿ ಎಷ್ಟು ಉಸಿರಿರಬೇಕು ಎಂದು ಯೋಚಿಸಿ ನನಗೆ ಅಳು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಜ್ವರದ ಕಡ್ಡಿ.

ಅತ್ತೆ ಆ ದಿನವೂ ಕೋಳಿ ಮುಟ್ಟಲಿಲ್ಲ. ಬದನೆಕಾಯಿ ಪಲ್ಯದಲ್ಲೇ ಊಟ ಮುಗಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಇವರು ಊರುಗೋಲು ಬಿಟ್ಟರು. ಖಾಕಿ ಪ್ಯಾಂಟು ಬಿಗಿಯಾಗುತ್ತಿದೆ ಎಂದು ಗೊಣಗುತ್ತ ತಂದುಕೊಟ್ಟಾಗ ನಾನು ಕೈಯಲ್ಲಿದ್ದ ಮದುವೆಯ ಬ್ಲೌಸನ್ನು ಬದಿಗಿಟ್ಟು ಮೊದಲು ಅದರ ಹೊಲಿಗೆ ಬಿಚ್ಚಿದೆ. ಬಸ್ಸಿನ ಮಾಲೀಕರು ದೊಡ್ಡ ಮನಸ್ಸಿನವರು, ಮೊದಲಿಗೆ ಬೆಳಗಿನ ಒಂದು ಟ್ರಿಪ್ ಮಾತ್ರ ಸಾಕು ಎಂದರು. ಆ ಬೆಳಿಗ್ಗೆ ನಾನೂ ಸ್ಟ್ಯಾಂಡಿಗೆ ಹೋದೆ, ನೂಲು ತರುವ ನೆಪದಲ್ಲಿ. ನಿಂತ ಬಸ್ಸಿಗೆ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಸಣ್ಣ ಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಹತ್ತಿ ತಿರುಗಿ ಸ್ಟಾಪುಗಳನ್ನು ಒಂದೇ ಉಸಿರಿಗೆ ಕೂಗಿದರು. ಕಿರಿಮಂಜೇಶ್ವರ ಬರುವಾಗ ನನ್ನ ಕಡೆ ನೋಡಿದರು. ಮರವಂತೆ ಎನ್ನುವಾಗ ಕಣ್ಣು ಹೊಡೆದರು. ಮಗಳ ಮದುವೆಯ ಮಾತು ಬರುವ ವಯಸ್ಸಿನಲ್ಲಿ, ಬೈಂದೂರು ಸ್ಟ್ಯಾಂಡಿನಲ್ಲಿ, ಅಷ್ಟು ಜನರೆದುರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಗ ಬಸ್ಸು ಹತ್ತಿದ ಸುದ್ದಿಯನ್ನು ಅತ್ತೆಗೆ ಅವತ್ತೇ ಫೋನಿನಲ್ಲಿ ಹೇಳಿದೆ. ಈಗ ನೀವು ಕೋಳಿ ತಿನ್ನಬಹುದಲ್ಲ ಎಂದೆ. “ಕಾಂಬ,” ಅಂದರು. ಕಾಂಬ ಅಂದರೆ ನೋಡೋಣ, ಅವರ ಬಾಯಲ್ಲಿ ಮಾತ್ರ ಇಲ್ಲ ಎಂದರ್ಥ.

ಮೊನ್ನೆ ಮತ್ತೆ ಕೆರಾಡಿಯಲ್ಲಿ ಸೇರಿದೆವು. ಹೋಗುವುದೋ ಬೇಡವೋ ಎಂದು ನಾನು ಒದ್ದಾಡಿದ್ದೆ. ಇವರು ಹಠ ಹಿಡಿದರು. ಈ ಸಲ ಕೋಳಿ ನೀವು ಸುಡಬೇಕಾಗಿಲ್ಲ, ಭಾವ ಸುಡಲಿ ಎಂದೆ. “ನನ್ ಕಾಲಿಗ್ ಆದದ್ದ್ ಮಾರಾಯ್ತಿ, ಕೈಗಲ್ಲ,” ಅಂದರು. ಹೋಗಿ ನೋಡಿದರೆ ಹಿತ್ತಲಿನ ಒಲೆಯ ಪಕ್ಕ ತೆಂಗಿನ ಮರಕ್ಕೆ ಒಂದು ನೀರುಳ್ಳಿ ಚೀಲದ ಬಲೆ ನೇತಾಡುತ್ತಿದೆ, ಅದರೊಳಗೆ ಸೋಪು. ಕೆಳಗೆ ಕೊಡಪಾನದಲ್ಲಿ ನೀರು. ಅತ್ತೆ ಕಟ್ಟಿಸಿದ್ದಂತೆ. ಭಾವ ನನ್ನನ್ನು ಕಂಡದ್ದೇ ಕೈ ತೊಳೆಯತೊಡಗಿದರು. ನನ್ನ ಹೆಸರು ಕೆರಾಡಿಯಲ್ಲಿ ಹೇಗೆ ಹಬ್ಬಿದೆ ಎಂದು ಅದರಲ್ಲೇ ತಿಳಿಯಿತು.

ಇವರು ಮಣೆಯ ಮೇಲೆ ಕೂತು ಕೋಳಿ ಸುಟ್ಟರು. ಪಾದದಲ್ಲಿ ಇನ್ನೂ ಇರುವೆ ಹರಿಯುವುದು ಪೂರ್ತಿ ನಿಂತಿಲ್ಲ, ಹೆಚ್ಚು ಹೊತ್ತು ನಿಲ್ಲಲಾರರು. ಅದು ಹೋಗಬಹುದು, ಸ್ವಲ್ಪ ಉಳಿಯಲೂಬಹುದು ಎಂದಿದ್ದಾರೆ ಡಾಕ್ಟರು. ಆದರೆ ಕೋಳಿ ಹಳೆಯ ಹಾಗೆಯೇ ಹೊಂಬಣ್ಣಕ್ಕೆ ಬಂತು. ಚರ್ಮ ಎಲ್ಲೂ ಒಡೆಯಲಿಲ್ಲ. ಭಾವ ಕೊಯ್ದು ತುಂಡು ಮಾಡಿ ಸಾರಿಗೆ ಹಾಕಿದರು.

ಆಗ ಅತ್ತೆ ಬಾಳೆಲೆಯ ಚೂರಿನಲ್ಲಿ ಲಿವರ್ ಇಟ್ಟುಕೊಂಡು ಬಂದರು.

ವರ್ಷಗಳ ಅಭ್ಯಾಸ. ಉಪ್ಪೂ ಉದುರಿಸಿದ್ದರು. ಒಲೆಯ ಹತ್ತಿರ ಬಂದ ಮೇಲೆ ಅವರಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯಿತು. ಅಲ್ಲೇ ನಿಂತರು. ಕೈ ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ. ಕಡುಬಿನ ಪಾತ್ರೆ ಹಿಡಿದು ಬಾಗಿಲಲ್ಲಿದ್ದ ನಾನೂ ಅಲ್ಲೇ ನಿಂತೆ.

ಇವರು ಕೈಚಾಚಿ ಎಲೆಯನ್ನು ತೆಗೆದುಕೊಂಡರು. ಕುದಿಯುತ್ತಿದ್ದ ಸಾರಿನ ಮುಚ್ಚಳ ಸರಿಸಿ ಲಿವರನ್ನು ಅದರೊಳಗೆ ಜಾರಿಸಿದರು. ಮುಚ್ಚಳ ಮುಚ್ಚಿದರು. ಕೊಡಪಾನದ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದರು.

“ರೈಟ್,” ಅಂದರು, ಬಸ್ಸಿಗೆ ಹೇಳಿದ ಹಾಗೆ.

ಸಾರು ಕುದಿಯಿತು. ಭಾವ ಮುಚ್ಚಳ ತೆಗೆಯಲು ಹೋದರೆ ಅತ್ತೆ ಬಿಡಲಿಲ್ಲ, ಇನ್ನೂ ಕುದಿಯಲಿ ಎಂದರು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ ಭಾವ ಇಳಿಸಲೇ ಎಂದು ಕೇಳಿದರು.

“ನಿಲ್ಲ್. ಹೆಣೇ ದಿವ್ಯಾ, ಆ ಜ್ವರದ ಕಡ್ಡಿ ಎಲ್ಲಿತ್ತ್?” ಎಂದು ಅತ್ತೆ ಕೂಗಿದರು. ಹೆಣೆ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು.

ದಿವ್ಯಾ ಓಡಿ ಬಂದು ಚುಚ್ಚಿದಳು. “ತೊಂಬತ್ತು ದಾಟಿತು ಅಜ್ಜಿ!”

“ಹಾಂಗಾರೆ ಸಮಾ ಜ್ವರ ಬಂದಿತ್ತ್, ಇಳ್ಸ್,” ಅಂದರು ಅತ್ತೆ, ಬಹಳ ಗಂಭೀರವಾಗಿ.

ಊಟಕ್ಕೆ ಕೂತಾಗ ಇವರು ಸೌಟಿನಿಂದ ಹುಡುಕಿ ಹುಡುಕಿ ಲಿವರನ್ನು ತೆಗೆದರು. ನಾನು ಕಣ್ಣಿಟ್ಟು ನೋಡುತ್ತಿದ್ದೆ. ಅದು ಬಂದು ಬಿದ್ದದ್ದು ನನ್ನ ಎಲೆಗೆ.

“ಇದ್ ಕೋಳಿ ಸುಟ್ಟವ್ರಿಗೆ ಅಲ್ದಾ?” ಎಂದೆ.

“ಈ ವರ್ಷ ಕಾದವ್ರಿಗೆ,” ಅಂದರು. ಹೇಳಿ ಬೇರೆ ಕಡೆ ತಿರುಗಿ ಕಡುಬು ಮುರಿಯತೊಡಗಿದರು.

ನನಗೆ ಲಿವರ್ ಸೇರುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅದು ಅವರಿಗೆ ಗೊತ್ತಿಲ್ಲ, ಯಾಕೆಂದರೆ ಅದುವರೆಗೆ ಅದು ಯಾರ ಎಲೆಗೂ ಬಂದದ್ದಿಲ್ಲ. ಎರಡು ತುಂಡು ಮಾಡಿದೆ. ಅಭ್ಯಾಸಬಲದಿಂದ ಒಳಗೆ ನೋಡಿದೆ. ಬೂದಿಬಣ್ಣ, ಅಂಚಿನಿಂದ ನಡುವಿನ ತನಕ ಒಂದೇ ಬಣ್ಣ, ಕೆಂಪಿನ ಸುಳಿವೂ ಇಲ್ಲ. ಒಂದು ತುಂಡನ್ನು ತಿಂದೆ. ಇನ್ನೊಂದನ್ನು ಪಕ್ಕದಲ್ಲಿ ಬರೀ ಕಡುಬಿಗೆ ತೆಂಗಿನಕಾಯಿ ಚಟ್ನಿ ಹಚ್ಚಿಕೊಳ್ಳುತ್ತಿದ್ದ ಅತ್ತೆಯ ಎಲೆಗೆ ಹಾಕಿದೆ.

“ಅತ್ತೆ, ನೀವೂ ಕಾದವ್ರೇ.”

ಅವರು ಅದನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒತ್ತಿದರು. ಮಗನ ಕಡೆ ನೋಡಿದರು. ಮಗ ತಲೆ ಬಗ್ಗಿಸಿಕೊಂಡು, ಹಸಿದವರ ಹಾಗೆ, ಸೊರ್ ಸೊರ್ ಎಂದು ಸಾರು ಹೀರುತ್ತಿದ್ದರು. ಅತ್ತೆ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಖಾರಕ್ಕೆ ಎಂದು ನಾವು ಅಂದುಕೊಳ್ಳಲಿ ಎಂದು ಮೂಗು ಸೊರಸೊರ ಎನಿಸಿದರು.

“ಸಮಾ ಬೆಂದಿತ್ತ್ ಹೆಣೆ,” ಅಂದರು. “ಇನ್ನೊಂದ್ ಸೌಟ್ ಸಾರ್ ಹಾಕ್.”